ಹೊಗೆ ಮೇಡಂ

ಹೊಗೆ ಕಾಣದೆ ನೀಲಾವತಿ ಮೇಡಂ ಪಾಠ ಮುಂದೆ ಸಾಗುವುದಿಲ್ಲ. ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದ ಕಾಲೇಜಿನಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಸಾಹಿತ್ಯ ಕಲಿಸುವ ಅವರ ಪಾಲಿಗೆ ಆ ಕಾಲದ ಕಾದಂಬರಿಗಳೆಲ್ಲ ಕಾರ್ಖಾನೆಯ ಚಿಮಣಿಯಿಂದಲೇ ಹುಟ್ಟಿದವು. ನವೆಂಬರಿನ ಹೊಗೆಮಬ್ಬಿನಲ್ಲಿ ಹುಡುಗರು ಕೆಮ್ಮಿದರೆ, "ಅಚ್ಛಾ, ಈಗ ಲಂಡನ್ನಿಗೆ ಬಂದ್ರಿ, ಪುಸ್ತಕ ತೆಗೀರಿ" ಎನ್ನುತ್ತಾರೆ. ನಾಯಕಿ ಪ್ರೇಮಪತ್ರ ಬರೆಯಲು ಕೂತರೂ ಅವರ ಪ್ರಶ್ನೆ ಒಂದೇ: "ಆಗ ಅವಳ ಬಟ್ಟೆ ಒಗೀತಾ ಇದ್ದವರು ಯಾರು?" ಮದುವೆಮನೆಯಲ್ಲಿ ರೇಷ್ಮೆ ಸೀರೆ ಕಂಡರೆ ಮಗ್ಗ ಕಳೆದುಕೊಂಡು ಗಿರಣಿ ಸೇರಿದ ನೇಕಾರರ ಕಥೆ ತೆಗೆಯುತ್ತಾರೆಂದು, ನೆಂಟರು ಅವರನ್ನು ಮೊದಲ ಪಂಕ್ತಿಯಲ್ಲೇ ಉಣಿಸಿ ಕಳುಹಿಸಿಬಿಡುತ್ತಾರೆ. ಆ ರಾಣಿಯ ಕಾಲದಲ್ಲಿ ಕಾದಂಬರಿಗಳು ಪತ್ರಿಕೆಗಳಲ್ಲಿ ಕಂತುಕಂತಾಗಿ ಬರುತ್ತಿದ್ದವು, ಓದು ಬಾರದ ಕೂಲಿಗಳು ಯಾರಿಂದಲಾದರೂ ಓದಿಸಿ ಕೇಳುತ್ತಿದ್ದರು ಎಂದು ಹೇಳಿ ಸುಮ್ಮನಾಗುವವರೂ ಅವರಲ್ಲ. ಭಾನುವಾರ ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಮೇಲೆ, ದೆಹಲಿಯ ಕರೋಲ್ ಬಾಗಿನಲ್ಲಿರುವ ತಮ್ಮ ಅಪ್ಪನ ಹೋಟೆಲಿನ ಅಡುಗೆಮನೆಯಲ್ಲಿ ಕೂತು ಒಂದು ಕಂತನ್ನು ಕನ್ನಡದಲ್ಲಿ ಹೇಳಿ, ಕುತೂಹಲ ಕುದಿಯುವ ಜಾಗದಲ್ಲೇ ನಿಲ್ಲಿಸಿ, "ಚಲೋ, ಇನ್ನು ಮುಂದಿನ ವಾರ" ಎಂದು ಏಳುತ್ತಾರೆ. ಹಿಟ್ಟು ರುಬ್ಬುವವರು ಬೈದುಕೊಳ್ಳುತ್ತಾರೆ. ಒಮ್ಮೆ, ಇಪ್ಪತ್ತು ವರ್ಷದಿಂದ ದೋಸೆ ಕಾವಲಿಯ ಮುಂದೆ ನಿಂತ ರಮಾನಾಥ ಕೇಳಿದ: "ಗಿರಣಿಯವರ ಕಥೆ ಬರೆದದ್ದು ಗಿರಣಿಯವರೇನಾ ಅಕ್ಕ?" "ಹೆಚ್ಚಾಗಿ ಅಲ್ಲ, ಹೊರಗೆ ನಿಂತು ನೋಡಿದವರು" ಎಂದರು ಮೇಡಂ. ಕಾಲೇಜಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮರುವಾರ ಅವರು ಪುಸ್ತಕ ಬಿಡಿಸುವ ಮೊದಲೇ ರಮಾನಾಥ ಕೈ ಒರೆಸಿಕೊಂಡು, ಆರ್ಡರ್ ಚೀಟಿಗಳ ಬೆನ್ನಿಗೆ ತಾನೇ ಬರೆದ ಈ ಅಡುಗೆಮನೆಯ ಕಥೆಯನ್ನು ಹೊರತೆಗೆದ. "ಇವತ್ತು ನೀವು ಕೂತ್ಕೊಳ್ಳಿ ಅಕ್ಕ, ನಾನು ಓದ್ತೇನೆ." ಮೇಡಂ ರುಬ್ಬುವವರ ನಡುವೆ ಜಾಗ ಮಾಡಿಕೊಂಡು ಕೂತರು. ಕುತೂಹಲ ಕುದಿಯುವ ಜಾಗದಲ್ಲಿ ಅವನು ಚೀಟಿ ಮಡಚಿದಾಗ, ಮೊದಲು ಬೈದವರು ಮೇಡಂ ಅವರೇ.