ನಾನು ತೊಳೆದ ಚೌಡಿಯ ಕತ್ತಿ

ಮೈಮೇಲೆ ದೇವರು ಬರುತ್ತದೆ ಎನ್ನುವುದನ್ನು ನಾನು ಅರವತ್ತು ವರ್ಷ ನಂಬಿರಲಿಲ್ಲ. ನಮ್ಮೂರು ರಾಣೆಬೆನ್ನೂರಿನ ಕಡೆಯದು. ಅಲ್ಲಿ ಹುಣ್ಣಿಮೆ ಅಮಾವಾಸ್ಯೆ ಬಂದರೆ ಯಾರಾದರೊಬ್ಬ ಹೆಂಗಸು ಕೂದಲು ಬಿಚ್ಚಿಕೊಂಡು ಕೂಗುತ್ತಿದ್ದಳು. ಕೆನ್ನೆಗೆ ಎರಡು ಬಾರಿಸಿ, ಇಳಿಯುತ್ತದೆ ಎಂದು ನಾನು ಹೇಳುತ್ತಿದ್ದೆ. ನಮ್ಮ ನಾದಿನಿಗೆ ನಾನೇ ಬಾರಿಸಿದ್ದೇನೆ, ಇಳಿದೂ ಇದೆ. ಇದನ್ನು ಓದುವ ನೀವು ನಂಬದವರಾಗಿದ್ದರೆ ಓದಿಯೂ ನಂಬಬೇಡಿ, ನನ್ನದೇನೂ ಹೋಗುವುದಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಬಣ್ಣ ಹಚ್ಚಿ ಬರೆಯಲು ಬರುವುದಿಲ್ಲ. ಆದದ್ದನ್ನು ಆದಂತೆ ಬರೆಯುತ್ತೇನೆ.

ನನ್ನ ಗಂಡ ಕುಡಿದು ಹೊಡೆಯುತ್ತಿದ್ದ. ಕೈಗೆ ಸಿಕ್ಕಿದ್ದರಲ್ಲಿ ನಾನೂ ಹೊಡೆಯುತ್ತಿದ್ದೆ. ಒಮ್ಮೆ ಒಲೆಯ ಕೊಳ್ಳಿಯಿಂದ ಬಡಿದು ಅವನ ಮುಂದಿನ ಎರಡು ಹಲ್ಲು ಉದುರಿಸಿದ್ದೆ. ಇದನ್ನು ಮುಚ್ಚಿಟ್ಟು ಮುಂದಿನದನ್ನು ಹೇಳಿದರೆ ಸುಳ್ಳು ಹೇಳಿದಂತಾಗುತ್ತದೆ, ಅದಕ್ಕೆ ಮೊದಲೇ ಹೇಳಿದೆ. ಅವನು ಸತ್ತ ಹದಿನಾರನೆಯ ದಿನ ಮೈದುನ ನನ್ನ ಟ್ರಂಕನ್ನು ಬೀದಿಗೆ ಎಸೆದು ಬಾಗಿಲಿಗೆ ಬೀಗ ಹಾಕಿದ. ಮಕ್ಕಳಿಲ್ಲ. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಆಗ ನಮ್ಮೂರಿನ ಲಾರಿ ಡ್ರೈವರ್ ಒಬ್ಬ, ಮೂಡಿಗೆರೆಯಲ್ಲಿ ಒಂದು ಹೋಟೆಲಿಗೆ ಜೋಳದ ರೊಟ್ಟಿ ತಟ್ಟುವವರು ಬೇಕಂತೆ ಎಂದ. ದೇವರಮನೆ ಬೆಟ್ಟ ನೋಡಲು ಬರುವ ಜನ ಈಗ ಎಲ್ಲಿ ಹೋದರೂ ಜೋಳದ ರೊಟ್ಟಿ ಕೇಳುತ್ತಾರಂತೆ. ಅದೇ ಟ್ರಂಕ್ ಹಿಡಿದು ಬಸ್ ಹತ್ತಿದೆ. ಮೂರು ಬಸ್ ಬದಲಾಯಿಸಿ ಬಂದಿಳಿದಾಗ ನನ್ನ ಕಿವಿ ಕಟ್ಟಿತ್ತು, ಹೊಟ್ಟೆಯಲ್ಲಿದ್ದದ್ದೆಲ್ಲ ಘಾಟಿಯ ತಿರುವುಗಳಲ್ಲಿ ಹೊರಗೆ ಹೋಗಿತ್ತು.

ಹೋಟೆಲಿನ ಯಜಮಾನರು ನಾಗೇಶ್ ಗೌಡರು. ಊರ ಹೊರಗೆ ಅವರಿಗೆ ಸ್ವಲ್ಪ ಕಾಫಿ ತೋಟವೂ ಇತ್ತು. ಅಡುಗೆಮನೆಯ ಹಿಂದೆ ನನಗೊಂದು ಕೋಣೆ ಕೊಟ್ಟರು. ಜಗತ್ತಿನಲ್ಲಿ ನನ್ನ ಟ್ರಂಕ್ ಇಡಲು ಇದ್ದ ಜಾಗ ಅದೊಂದೇ.

ಅಡುಗೆಮನೆಯಲ್ಲಿ ನನ್ನ ಜೊತೆಗಿದ್ದವನು ಲೋಕೇಶ. ನಲವತ್ತರ ಆಸುಪಾಸು, ಕಳಸದ ಕಡೆಯವನು. ಕೋಳಿ, ಹಂದಿ, ಮೀನು ಕಡಿಯುವುದು, ಸಾರು ಮಾಡುವುದು ಅವನ ಕೆಲಸ. ನನ್ನ ಹಂಚಿನ ಒಲೆಯಿಂದ ನಾಲ್ಕು ಹೆಜ್ಜೆ ಆಚೆಗೆ ಅವನ ಮಾಂಸ ಕಡಿಯುವ ಮರದ ಕೊರಡು. ಹೆಚ್ಚು ಮಾತಿನವನಲ್ಲ, ಆದರೆ ಆ ಊರಿನಲ್ಲಿ ನನ್ನ ಜೊತೆ ನಕ್ಕವನು ಅವನೊಬ್ಬನೇ. ನಾನು ರೊಟ್ಟಿ ತಟ್ಟುವ ಸದ್ದಿಗೆ ಅವನು, "ಯಾರಿಗೆ ಹಿಂಗೆ ಹೊಡೀತಿದ್ದೀರಿ ರೊಟ್ಟಿಯಮ್ಮ, ಗಂಡಂಗಾ?" ಎನ್ನುತ್ತಿದ್ದ.

"ಅಂವ ಸತ್ತ. ಈಗ ಖಾಲಿ ಇರಾಂವ ನೀನ ಅದಿ. ಬೇಕೇನು ಎರಡು?"

"ಬೇಡ ಮಾರಾಯ್ತಿ, ನಂಗೆ ಹಲ್ಲು ಬೇಕು!"

ಬಂದ ವರ್ಷವೇ, ಕಾಫಿ ಕೊಯ್ಲು ಶುರುವಾಗುವ ಮುಂಚೆ ಗೌಡರು ತೋಟದ ಚೌಡಿಗೆ ಕೋಳಿ ಕೊಟ್ಟರು. ಚೌಡಿ ಎಂದರೆ ಅತ್ತಿ ಮರದ ಬುಡದಲ್ಲಿ ನಿಲ್ಲಿಸಿದ ಒಂದು ಕಲ್ಲು, ತೋಟ ಕಾಯುವ ದೇವತೆ. ಅಡುಗೆಗೆಂದು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹನ್ನೊಂದು ಹುಂಜ. ಕಡಿದವನು ಲೋಕೇಶ. ಒಂದೊಂದನ್ನೂ ರೆಕ್ಕೆ ಹಿಡಿದು ಕಲ್ಲಿನ ಮುಂದೆ ಚಾಚಿ ಒಂದೇ ಏಟು. ತಲೆ ಇಲ್ಲದ ಹುಂಜಗಳು ಗಿಡಗಳ ಸಂದಿಯಲ್ಲಿ ಬಡಿದುಕೊಂಡು ಓಡಿದವು, ನನ್ನ ಸೀರೆಗೆಲ್ಲ ರಕ್ತ ಎರಚಿತು. ಕೊನೆಗೆ ಅವನು ಕತ್ತಿಯನ್ನು ಹಾಗೇ ಕಲ್ಲಿನ ಮುಂದೆ ನೆಲಕ್ಕೆ ನೆಟ್ಟ. ಆ ಮನೆಯ ಪದ್ಧತಿ ಅದು. ಕತ್ತಿಯನ್ನು ಯಾರೂ ತೊಳೆಯುವಂತಿಲ್ಲ. ಮೂರು ದಿನ ಅಲ್ಲೇ ಇರಬೇಕು, ಮೇಲಿನ ರಕ್ತವನ್ನು ಇರುವೆ, ಇಬ್ಬನಿಯೇ ತೆಗೆಯಬೇಕು. ನನಗೆ ಇದನ್ನು ಯಾರೂ ಹೇಳಲಿಲ್ಲ. ಅವರಿಗೆಲ್ಲ ಹುಟ್ಟಿನಿಂದ ಗೊತ್ತಿದ್ದ ಸಂಗತಿ, ಬೇರೆಯವರಿಗೆ ಹೇಳಬೇಕೆಂದು ಹೊಳೆದಿರಲಿಕ್ಕಿಲ್ಲ.

ಸಂಜೆ ಪಾತ್ರೆ ಕಟ್ಟುವಾಗ ಆ ಕತ್ತಿ ನೋಡಿದೆ. ಒಳ್ಳೆಯ ಉಕ್ಕು. ಮರೆತಿದ್ದಾರೆ ಎಂದುಕೊಂಡು ಕಿತ್ತು ಪಾತ್ರೆಯ ಚೀಲಕ್ಕೆ ಹಾಕಿದೆ. ಹೋಟೆಲಿಗೆ ಬಂದು ಬೂದಿ ಹಾಕಿ ತಿಕ್ಕಿ, ಥಳಥಳ ಮಾಡಿ ಗೋಡೆಯ ಮೊಳೆಗೆ ನೇತು ಹಾಕಿದೆ.

ಮರುದಿನ ಬೆಳಿಗ್ಗೆ ಲೋಕೇಶ ಅದನ್ನು ನೋಡಿದವನೇ ಕೈಯಲ್ಲಿದ್ದ ಈರುಳ್ಳಿ ಬುಟ್ಟಿ ಕೆಳಗಿಟ್ಟ.

"ಇದನ್ನ ಯಾರು ತಂದಿದ್ದು?"

"ನಾನ. ಅಲ್ಲೇ ಬಿದ್ದು ತುಕ್ಕು ಹಿಡೀತಿತ್ತು."

"ತೊಳೆದ್ರಾ?"

"ತೊಳೀದ ಏನು ನೆಕ್ಕತಾರೇನು? ಕೋಳಿ ರಕ್ತ ಅದು."

"ಎಂಥ ಮಾಡಿದ್ರಿ ಮಾರಾಯ್ತಿ ನೀವು!" ಎಂದ. ನಾಳೆ ತೋಟಕ್ಕೆ ಹೋಗುವಾಗ ತೆಗೆದುಕೊಂಡು ಹೋಗಿ ಇಡುತ್ತೇನೆ, ಅಲ್ಲಿಯವರೆಗೆ ಮುಟ್ಟಬೇಡಿ, ಗೌಡರಿಗೂ ಹೇಳಬೇಡಿ ಎಂದ. ನಾನು ನಕ್ಕೆ.

ಅದು ಆದದ್ದು ಅದೇ ದಿನ ಮಧ್ಯಾಹ್ನ ಮೂರೂವರೆಗೆ. ರಾತ್ರಿಯಲ್ಲ, ಕತ್ತಲೆಯಲ್ಲ. ಕಿಟಕಿಯಿಂದ ಬಿಸಿಲು ನೇರವಾಗಿ ಒಳಗೆ ಬೀಳುತ್ತಿತ್ತು. ಊಟದವರು ಹೋಗಿದ್ದರು. ನಾವು ಕೆಲಸದವರು ತಿನ್ನಲು ಕೊನೆಯ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದ್ದೆ. ಲೋಕೇಶ ಕೊರಡಿನ ಹತ್ತಿರ ರಾತ್ರಿಯ ಸಾರಿಗೆ ಹಂದಿ ಮಾಂಸ ಕಡಿಯುತ್ತಿದ್ದ. ನಮ್ಮ ನಡುವೆ ಜಗಳವಿರಲಿಲ್ಲ. ಸಿಟ್ಟು ಬಂದಿರಲಿಲ್ಲ. ತಲೆ ಸುತ್ತಲಿಲ್ಲ, ಮೈ ನಡುಗಲಿಲ್ಲ, ಯಾವ ಧ್ವನಿಯೂ ಕೇಳಿಸಲಿಲ್ಲ. ನನ್ನ ಬಲಗೈ ಗೋಡೆಯ ಕಡೆ ಹೋಗಿ ಕತ್ತಿ ತೆಗೆದುಕೊಂಡಿತು. ಕಾಲು ನಡೆಯಿತು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೋಗುತ್ತದಲ್ಲ ಎಂದು ನಾನು ಯೋಚಿಸುತ್ತಿದ್ದೆ. ಸತ್ಯವಾಗಿ ಹೇಳುತ್ತೇನೆ, ನನ್ನ ತಲೆಯಲ್ಲಿದ್ದದ್ದು ರೊಟ್ಟಿ ಒಂದೇ.

ಮೊದಲ ಏಟು ಅವನ ಎಡ ಭುಜಕ್ಕೆ ಬಿತ್ತು. ಮೂಳೆಗೆ ತಾಗಿ ಕತ್ತಿ ಜಾರಿದ್ದು ನನ್ನ ಮೊಣಕೈವರೆಗೂ ಗೊತ್ತಾಯಿತು. ಅಂಗಿ ಹರಿದು ರಕ್ತ ಚಿಮ್ಮಿತು. ಅವನು ಕೂಗಲಿಲ್ಲ. ಅವನ ಕೈಯಲ್ಲಿಯೂ ಕತ್ತಿಯಿತ್ತು, ನನ್ನಂಥ ಮುದುಕಿಯನ್ನು ಒಂದು ಒದ್ದರೆ ಸಾಕಿತ್ತು. ಅವನು ತನ್ನ ಕತ್ತಿಯನ್ನು ಕೆಳಗಿಟ್ಟು ನನ್ನ ಮುಖ ನೋಡಿದ.

"ಬಂದ್ಯಾ ಅಕ್ಕ?" ಎಂದ.

ಆಮೇಲೆ ಎಡಗೈಯನ್ನು ಚಾಚಿ ಕೊರಡಿನ ಮೇಲೆ ತಾನೇ ಅಂಗಾತ ಇಟ್ಟ. ನನ್ನ ಕೈ ಎತ್ತಿ ಇಳಿಯಿತು. ಎರಡು ಬೆರಳು ಹಂದಿ ಮಾಂಸದ ನಡುವೆ ಉಳಿದವು.

ಅಲ್ಲಿಗೆ ಕೈ ನನ್ನದಾಯಿತು. ಕತ್ತಿ ಬಿದ್ದ ಸದ್ದು ಕೇಳಿತು, ಸುಟ್ಟ ರೊಟ್ಟಿಯ ವಾಸನೆ ಬಂತು. ಗೌಡರು ಓಡಿ ಬಂದರು. ನೋಡಿದವರೇ ನನ್ನ ಕೂದಲು ಹಿಡಿದು ಗೋಡೆಗೆ ಬಡಿದರು, ಸೌಟಿನಿಂದ ಬೆನ್ನಿಗೆ, ತಲೆಗೆ ಹೊಡೆದರು. ನಾನು ತಡೆಯಲಿಲ್ಲ. ಹೊಡೆಯಬೇಕಾದದ್ದೇ. ಅವರ ಹೆಂಡತಿ ಕಮಲಮ್ಮ ಲೋಕೇಶನ ಕೈಗೆ ಟವೆಲ್ ಸುತ್ತುತ್ತ ಅಳುತ್ತಿದ್ದರು. "ಪೊಲೀಸರಿಗೆ ಫೋನ್ ಮಾಡಿ" ಎಂದು ಗೌಡರು ಕೂಗಿದರು. ಜೈಲಾದರೆ ಜೈಲು, ಇಲ್ಲದಿದ್ದರೆ ಬೀದಿ. ನನಗೆ ಅವೆರಡೇ ಕಾಣಿಸಿದವು.

ಲೋಕೇಶ ನೆಲದಲ್ಲಿ ಕುಳಿತೇ ಹೇಳಿದ: "ಬೇಡಿ ಗೌಡ್ರೆ. ನನ್ನ ಕೈಯೇ ಜಾರಿದ್ದು."

"ಭುಜದ ಮೇಲೂ ನಿನ್ನ ಕೈಯೇ ಜಾರಿತೇನೋ?"

"ಹೌದು."

"ಈ ಮುದುಕಿ ಕೈಯಲ್ಲಿ ರಕ್ತ?"

"ಹಿಡ್ಕೊಳ್ಳಕ್ಕೆ ಬಂದ್ರು ಪಾಪ. ಬಿಟ್ಬಿಡಿ ಅವ್ರನ್ನ."

ಆಸ್ಪತ್ರೆಯಲ್ಲಿಯೂ ಅದನ್ನೇ ಹೇಳಿದ. ಬರೆದುಕೊಳ್ಳಲು ಬಂದ ಪೊಲೀಸರಿಗೂ ಅದನ್ನೇ ಹೇಳಿದ. ಅವನು ಹಾಗೆ ಹೇಳಿದ ಮೇಲೆ ಗೌಡರು ನನ್ನನ್ನು ಕಳಿಸಲಿಲ್ಲ. ಕತ್ತಿಯ ವಿಷಯ ತಿಳಿದ ಕಮಲಮ್ಮ, ನಿಮ್ಮದಲ್ಲ ತಪ್ಪು, ಚೌಡಿಯ ಬಾಯಿಗೆ ಇಟ್ಟದ್ದನ್ನು ನೀವು ತೊಳೆದಿರಿ, ಅವಳು ಬೇರೆ ರಕ್ತ ಕೇಳಿದಳು ಎಂದರು. ಆ ಕತ್ತಿಯನ್ನು ಅವರೇ ತೋಟಕ್ಕೆ ಹಿಂದಿರುಗಿಸಿದರು.

ನನಗೆ ಅದು ಒಪ್ಪಿಗೆಯಾಗಲಿಲ್ಲ. ಚೌಡಿಗೆ ರಕ್ತ ಬೇಕಿದ್ದರೆ ತೊಳೆದವಳದ್ದು ಕೇಳಬಹುದಿತ್ತು. ಹೊಡೆದು ಹೊಡೆದು ಪಳಗಿದ ಕೈ ನನ್ನದು, ಅದು ತನ್ನ ಪಾಡಿಗೆ ಏಳುವುದನ್ನು ಕಲಿತಿತ್ತೋ ಏನೋ ಎಂದೂ ಎಷ್ಟೋ ಸಲ ಯೋಚಿಸಿದ್ದೇನೆ. ಅದೂ ಸರಿ ಹೊಂದುವುದಿಲ್ಲ. ನನ್ನ ಕೈಯದೇ ತಪ್ಪಾಗಿದ್ದರೆ ಅವನೇಕೆ ಕೈ ಚಾಚಿದ?

ಎರಡು ತಿಂಗಳಿಗೆ ಅವನು ಮತ್ತೆ ಕೆಲಸಕ್ಕೆ ಬಂದ. ಎಡಗೈಯಲ್ಲಿ ಹೆಬ್ಬೆರಳು ಸೇರಿ ಮೂರು ಬೆರಳು. ಯಾರೂ ಇಲ್ಲದ ಹೊತ್ತು ನೋಡಿ ಕೇಳಿದೆ.

"ಲೋಕಪ್ಪಾ, ಅವತ್ತು ಯಾವ ಅಕ್ಕನ್ನ ಕರದಿ?"

"ನಾನು ಯಾರನ್ನೂ ಕರೀಲಿಲ್ಲ. ನೀವೇ ಮಾತಾಡಿದ್ದು."

"ನಾನು ಬಾಯಿನ ತಗೀಲಿಲ್ಲಲ್ಲೋ!"

"ಕೈ ಇಡು ಅಂದ್ರಿ. ಇಟ್ಟೆ. ಹಿಂದೆ ಅವಳು ಹೇಳಿದ್ ಹಂಗೇ ಹೇಳಿದ್ರಿ."

"ಯಾರು ಹೇಳಿದಂಗ?"

ಅವನು ಮೀನಿನ ಹೊಟ್ಟೆ ಸೀಳಿ ಕರುಳು ಎಳೆದು ಬಕೆಟ್ಟಿಗೆ ಹಾಕಿದ. ಅವನಿಗೆ ಅಕ್ಕ ಇದ್ದಳೇ ಎಂದು ಕಮಲಮ್ಮನನ್ನು ಕೇಳಿದೆ. ಅವನು ಒಬ್ಬನೇ ಬಂದು ಸೇರಿದವನು, ಅವನ ಮನೆಯವರನ್ನು ಇಲ್ಲಿ ಯಾರೂ ನೋಡಿಲ್ಲ ಎಂದರು.

ಇದೆಲ್ಲ ಆಗಿ ಎಂಟು ವರ್ಷವಾಯಿತು. ನಾನು ಇನ್ನೂ ಅಲ್ಲೇ ರೊಟ್ಟಿ ತಟ್ಟುತ್ತೇನೆ. ಅವನ ಒಂದು ಸುಳ್ಳಿನ ಮೇಲೆ ನನ್ನ ಕೋಣೆ, ನನ್ನ ಅನ್ನ ನಿಂತಿದೆ. ಉಪಕಾರ ಎನ್ನಲು ನನಗೆ ಬಾಯಿ ಬರುವುದಿಲ್ಲ. ನನ್ನನ್ನು ಕಂಡು ಅವನು ಹೆದರುತ್ತಾನೆ ಎಂದು ನೀವು ಅಂದುಕೊಳ್ಳಬಹುದು. ಅವನು ನೆಮ್ಮದಿಯಾಗಿ ನನಗೆ ಬೆನ್ನು ತಿರುಗಿಸಿ ಕಡಿಯುತ್ತಾನೆ. ಹೆದರುವವಳು ನಾನು.

ಮಧ್ಯಾಹ್ನ ಹೋಟೆಲು ಖಾಲಿಯಾದ ಮೇಲೆ ಅವನು ಕೊರಡನ್ನು ಉಪ್ಪು ಹಾಕಿ ತಿಕ್ಕಿ ತೊಳೆಯುತ್ತಾನೆ. ಒಂದೊಂದು ದಿನ, ತೊಳೆದಾದ ಮೇಲೆ, ಆ ಮೂರು ಬೆರಳಿನ ಕೈಯನ್ನು ಅದರ ಮೇಲೆ ಅಂಗಾತ ಇಟ್ಟು ಸುಮ್ಮನೆ ನಿಲ್ಲುತ್ತಾನೆ. ನನ್ನ ಕಡೆ ನೋಡುವುದಿಲ್ಲ. ನಾನು ಎರಡೂ ಕೈಗಳನ್ನು ಮೊಣಕೈವರೆಗೆ ಹಿಟ್ಟಿನೊಳಗೆ ಹೂತು, ಅವನು ಕೈ ತೆಗೆಯುವವರೆಗೂ ಹೊರಗೆ ತೆಗೆಯುವುದಿಲ್ಲ.