ಮೆಟ್ಟಿಲು ಹತ್ತಿ ಕಲಿತ ತಮಿಳು

ನಮ್ಮಪ್ಪನ ಪ್ರಕಾರ ಓದು ಎಂದರೆ ಕೂರುವುದು. ಮೈಸೂರಿನ ಮನೆಯಲ್ಲಿ ನನ್ನ ಎಸ್ಸೆಸ್ಸೆಲ್ಸಿ ವರ್ಷ ಖೋ-ಖೋ ಬಿಡಿಸಿ, ಗೋಡೆಗೆ ಒತ್ತಿದ ಮೇಜಿನ ಮುಂದೆ ಕೂರಿಸಿದ್ದರು. ಶಾಲೆಯ ತಂಡದಲ್ಲಿ ನನ್ನಷ್ಟು ಚೆನ್ನಾಗಿ ಓಡುವವರು ಇರಲಿಲ್ಲ. ಆ ಮೇಜನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಆದರೂ ನಲವತ್ತು ದಾಟಿದ ಮೇಲೆ ಚೆನ್ನೈಯಲ್ಲಿ ನಾನೇ ಪರೀಕ್ಷೆಗೆ ಓದಬೇಕಾಗಿ ಬಂದಾಗ, ಕೂತದ್ದು ಅಪ್ಪ ಕಲಿಸಿದ ಹಾಗೆಯೇ.

ಎಗ್ಮೋರಿನ ಕಚೇರಿಯಲ್ಲಿ ನನ್ನ ಕೆಲಸ ಕಾಯಂ ಆಗಬೇಕಾದರೆ ತಮಿಳು ಓದಿ ಬರೆಯುವ ಪರೀಕ್ಷೆ ಪಾಸಾಗಬೇಕಿತ್ತು. ಮಾತಿಗೇನು, ತರಕಾರಿಯವನ ಹತ್ತಿರ ಜಗಳ ಆಡುವಷ್ಟು ತಮಿಳು ಬರುತ್ತಿತ್ತು. ಓದಲು ಬರುತ್ತಿರಲಿಲ್ಲ. ಮೊದಲ ಸಲ ಹಾಲ್‌ನಲ್ಲಿ ಕೂತಾಗ ಕಲಿತದ್ದೆಲ್ಲ ಕೈಕೊಟ್ಟಿತು. ಉಳಿದದ್ದು ಇನ್ನೊಂದೇ ಅವಕಾಶ. ಅದೂ ಹೋದರೆ ಕೆಲಸವೂ ಹೋಗುತ್ತಿತ್ತು.

ದಿನವಿಡೀ ಕುರ್ಚಿಯಲ್ಲಿ ಕೂತು, ಲೋಕಲ್ ಟ್ರೈನಿನಲ್ಲಿ ತಾಂಬರಂನ ಮನೆಗೆ ಬಂದು, ಪುಸ್ತಕ ಹಿಡಿದು ಮತ್ತೆ ಕುರ್ಚಿಗೇ ಅಂಟುತ್ತಿದ್ದೆ. ಓದಿದ್ದೆಲ್ಲ ಬೆಳಿಗ್ಗೆ ಕಾಫಿ ಸೋಸುವಷ್ಟರಲ್ಲಿ ಮಾಯ. ವಯಸ್ಸಾಯಿತು, ಇನ್ನು ತಲೆಗೆ ಏನೂ ಹತ್ತುವುದಿಲ್ಲ ಅಂದುಕೊಂಡೆ. ನಿಜಕ್ಕೂ ಭಯವಾಗಿತ್ತು.

ಒಂಬತ್ತನೇ ಕ್ಲಾಸಿನ ಮಗಳು ಮಾತ್ರ ಸಂಜೆ ಬ್ಯಾಸ್ಕೆಟ್‌ಬಾಲ್ ಆಡಿ, ಬೆವರು ಸುರಿಸಿಕೊಂಡು ಬಂದು, ಮುಖ ತೊಳೆದು ಕೂತರೆ ಪಾಠ ಸರಸರನೆ ಮುಗಿಸುತ್ತಿದ್ದಳು. ನಾನು ಕನ್ನಡದಲ್ಲಿ ಬೈದರೆ ತಮಿಳಿನಲ್ಲಿ ಉತ್ತರ ಕೊಡುವವಳು. ಒಂದು ಸಂಜೆ ನನ್ನ ಪುಸ್ತಕ ಕಸಿದುಕೊಂಡು, “ಮೊದಲ್ಲ ಕೊಂಜಂ ಓಡುಮ್ಮಾ, ಅಪ್ಪರಂ ಪಡಿಕ್ಕಲಾಂ” ಅಂದಳು. ಮೊದಲು ಸ್ವಲ್ಪ ಓಡಬೇಕಂತೆ, ಓದು ಆಮೇಲಂತೆ.

“ಈ ವಯಸ್ಸಲ್ಲಿ ಓಡಿದ್ರೆ ಬೀದಿಯೋರು ನಗ್ತಾರೆ ಕಣೇ” ಅಂದೆ.

ಹಾಗಾದರೆ ಮೆಟ್ಟಿಲು ಹತ್ತು ಎಂದು ಬಾಗಿಲಾಚೆ ತಳ್ಳಿದಳು. ತಾರಸಿಯವರೆಗೆ ಹತ್ತಿ ಇಳಿದು ಬಂದಾಗ ನಾನು ಓದುವ ಸ್ಥಿತಿಯಲ್ಲೇ ಇರಲಿಲ್ಲ. ಉಸಿರು ಹದಕ್ಕೆ ಬಂದ ಮೇಲೆ ಎರಡು ಪುಟ ಓದಿದೆ. ಮರುದಿನ ಟ್ರೈನಿನ ಕಿಟಕಿಯಿಂದ ಅಂಗಡಿ ಬೋರ್ಡುಗಳನ್ನು ನೋಡುತ್ತಿದ್ದರೆ, ಹಿಂದಿನ ದಿನ ಓದಿದ ಅಕ್ಷರಗಳ ಗುರುತು ಸಿಕ್ಕಿತು. ಕಾಕತಾಳೀಯ ಇರಬೇಕು ಅಂದುಕೊಂಡೇ ಸಂಜೆ ಮತ್ತೆ ಹತ್ತಿದೆ. ಮೈ ಬಿಸಿಯಾದ ದಿನ ಓದಿದ್ದು ಉಳಿಯುತ್ತಿತ್ತು. ಸೋಮಾರಿತನ ಮಾಡಿದ ದಿನದ್ದು ಜಾರುತ್ತಿತ್ತು. ಮೆದುಳಿನೊಳಗೆ ಏನು ನಡೆಯುತ್ತದೋ ನನಗೆ ಗೊತ್ತಿಲ್ಲ. ಎಲ್ಲರಿಗೂ ಹೀಗೇ ಆಗುತ್ತದೆ ಎಂದೂ ಹೇಳಲಾರೆ. ನನಗಂತೂ ಆಯಿತು.

ಎರಡನೇ ಸಲದ ಪರೀಕ್ಷೆ ಮೂರನೇ ಮಹಡಿಯಲ್ಲಿತ್ತು. ಎಲ್ಲರೂ ಪುಸ್ತಕ ತಿರುವುತ್ತಾ ಲಿಫ್ಟಿಗೆ ಕಾಯುತ್ತಿದ್ದರು. ನಾನು ಮೆಟ್ಟಿಲು ಹತ್ತಿ, ಇಳಿದು, ಮತ್ತೆ ಹತ್ತತೊಡಗಿದೆ. ಏನಾದರೂ ಮರೆತು ಬಂದಿರಾ ಎಂದು ವಾಚ್‌ಮನ್ ಕೇಳಿದ. ಮರೆಯಬಾರದು ಅಂತಲೇ ಹತ್ತುತ್ತಿದ್ದೇನೆ ಅಂದೆ. ಅವನಿಗೆ ನನ್ನ ತಲೆಯ ಬಗ್ಗೆ ಅನುಮಾನ ಬಂದಿರಬೇಕು.

ಪಾಸಾದ ಸುದ್ದಿ ಬಂದ ದಿನ ಅಪ್ಪನಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಹಳೆಯ ಪ್ರಶ್ನೆಯನ್ನೇ.

“ಕೂತ್ಕೊಂಡು ಓದಿದ್ಯೇನಮ್ಮ?”

“ಇಲ್ಲಪ್ಪ. ದಿನಾ ಮೆಟ್ಲು ಹತ್ತಿ ಇಳಿದು, ಆಮೇಲೆ ಓದ್ದೆ. ನಿಮ್ಮ ಮೊಮ್ಮಗಳು ಹೇಳ್ಕೊಟ್ಟಿದ್ದು.”

ನಗುತ್ತಾರೆ ಅಂದುಕೊಂಡೆ.

“ಹಾಗಾದ್ರೆ ಆ ವರ್ಷ ನಿನ್ನ ಖೋ-ಖೋ ಬಿಡಿಸ್ಬಾರ್ದಿತ್ತು ಕಣಮ್ಮ ನಾನು.”

ಇಷ್ಟು ವರ್ಷ ಈ ಒಂದು ಮಾತಿಗೇ ಕಾದಿದ್ದೆ. ಕೇಳಿಸಿಕೊಂಡ ಮೇಲೆ ಸಿಟ್ಟಿನ ಬದಲು ಅಳು ಬಂತು.

“ಹೋಗ್ಲಿ ಬಿಡಿ ಅಪ್ಪ” ಅಂದೆ. “ಊಟ ಆಯ್ತಾ?”