ಗಾಡಿಯೊಳಗೆ ಎರಡು ಚಾ

ಕಲ್ಯಾಣ-ಶೀಳ್ ರಸ್ತೆಯ ಆ ಮೆಕ್ಯಾನಿಕ್ ಕುಂದಾಪುರದ ಕಡೆಯವರು. ಯಾರು ಗಾಡಿ ತಂದರೂ ಮೊದಲು ಕೇಳುತ್ತಿದ್ದದ್ದು, "ಅರ್ಜೆಂಟ್ ಉಂಟಾ?" ಉಂಟು ಎಂದವರಿಗೆ ಬೇರೆ ಗ್ಯಾರೇಜಿನ ದಾರಿ ತೋರಿಸುತ್ತಿದ್ದರು. ಅಳತೆಪಟ್ಟಿ ಮುಟ್ಟಿದವರಲ್ಲ, ಚಕ್ರದ ಮೇಲಿನ ಸಂದಿಗೆ ಗೇಣು ಹಾಕಿ ಎತ್ತರ ಹೇಳುತ್ತಿದ್ದರು.

ನಮ್ಮ ಹಳೆಯ ಎಸ್‌ಯುವಿಯ ಹಿಂಭಾಗ ಕುಸಿದು, ಡೊಂಬಿವಲಿಯ ಪ್ರತಿ ಸ್ಪೀಡ್‌ಬ್ರೇಕರಿಗೂ ಅಡಿ ತಾಗುತ್ತಿತ್ತು. ಹಿಂದೆ ಕೂತ ಅಮ್ಮ "ಅಯ್ಯೋ ನನ್ನ ಸೊಂಟ" ಎನ್ನುತ್ತಿದ್ದರು. ಇನ್ನು ಊರಿಗೆ ಇದರಲ್ಲಿ ಬರುವುದಿಲ್ಲ ಎಂದೂ ಹೇಳಿಬಿಟ್ಟರು. ಹಿಂದಿನ ಚಕ್ರಗಳಿಗೆ ಎತ್ತರದ ಸ್ಪ್ರಿಂಗು ಹಾಕಿಸೋಣವೆಂದು ಇವರಲ್ಲಿಗೆ ಹೋದೆ.

"ಊರಿಗೆ ಹೋಗುವ ಹಾಗೆ ತುಂಬಿಸಿಕೊಂಡು ಬನ್ನಿ," ಎಂದರು.

ಅಕ್ಕಿಮೂಟೆ, ಸೂಟ್‌ಕೇಸು, ಅಮ್ಮ, ಎಲ್ಲ ಬಂದೆವು. ಸ್ಪ್ರಿಂಗು ಕೂತ ಮೇಲೆ ಗಾಡಿಯನ್ನು ನೆಲಕ್ಕಿಳಿಸಿ, ಸಾಮಾನು ಮತ್ತೆ ಹೇರಿಸಿದರು. "ಅಮ್ಮ, ನೀವು ಒಳಗೆ ಕೂತು ಆರಾಮಲ್ಲಿ ಚಾ ಕುಡಿಯಿರಿ," ಎಂದು ಲೋಟ ಕೊಟ್ಟರು. ಗಾಡಿಯ ಅಡಿಗೆ ನುಸುಳುವ ಮೊದಲು ನನ್ನ ಕಿವಿಯಲ್ಲಿ ಹೇಳಿದರು: "ಭಾರ ಇರುವಾಗಲೇ ಬೋಲ್ಟ್ ಬಿಗಿಯಬೇಕು. ಖಾಲಿ ಗಾಡಿಗೆ ಬಿಗಿದರೆ ಕೀಲಿನೊಳಗಿನ ರಬ್ಬರ್ ಬುಷ್ ತಿರುಚಿ ಹರಿದು ಹೋಗ್ತದೆ. ಹೆಂಗಸರ ತೂಕ ಕೇಳಬಾರದು ನೋಡಿ, ಅದಕ್ಕೇ ಚಾ."

ಅಮ್ಮ ಎರಡನೇ ಚಾ ತರಿಸಿಕೊಂಡರು.

ವಾಪಸು ಬರುವಾಗ ಗಾಡಿ ಎಲ್ಲೂ ತಾಗಲಿಲ್ಲ. "ಎಂಥ ಮರ್ಯಾದಸ್ಥ ಜನ, ಅಲ್ವಾ ಅಮ್ಮ?" ಎಂದೆ, ನಗು ತಡೆದುಕೊಂಡು.

"ಹೌದು. ನನ್ನನ್ನು ತೂಕಕ್ಕೆ ಕೂರಿಸಿದ್ದು ನನಗೆ ಗೊತ್ತಾಗಬಾರದು ಅಂತ ಪಾಪ ಎಷ್ಟು ಕಷ್ಟಪಟ್ಟರು," ಎಂದರು ಅಮ್ಮ. "ಒಂದು ಚಾ ಮುಗಿದರೂ ಕೆಳಗೆ ಬಿಗಿಯುವ ಸದ್ದು ನಿಂತಿರಲಿಲ್ಲ. ಅದಕ್ಕೇ ಇನ್ನೊಂದು ಕೇಳಿದ್ದು. ನಮಗೇನು ಅರ್ಜೆಂಟ್ ಉಂಟಾ?"